ಎಣ್ಣೆ ನೀರಿಗೆ ಅವಸರ ಆಗದು

ಈಗಿನವರು ಎಣ್ಣೆ ನೀರು ಹಾಕಿಕೊಳ್ಳುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಎಣ್ಣೆ. ಕೂದಲಿಗೆ ಸವರಿದ ಹಾಗೆ ಮಾಡಿ ಶಾಂಪೂ ಹಾಕಿ ತೊಳೆದುಬಿಡುತ್ತಾರೆ. ಆಮೇಲೆ "ಟೆನ್ಷನ್ ಹಾಗೇ ಇದೆ ಅಜ್ಜಿ" ಅನ್ನುತ್ತಾರೆ. ಇಲ್ಲದೆ ಇನ್ನೇನು?

ಮೊದಲೇ ಹೇಳುತ್ತೇನೆ, ಡಾಕ್ಟರು ಮಾತ್ರೆ ಕೊಟ್ಟಿದ್ದರೆ ನನ್ನ ಮಾತು ಕೇಳಿ ನಿಲ್ಲಿಸಬೇಡಿ. ನಾನು ಹೇಳುವುದು ಆಫೀಸು, ಟ್ರಾಫಿಕ್ಕು, ಮಕ್ಕಳ ಪರೀಕ್ಷೆ ಅಂತ ದಿನಾ ಏರುವ ತಲೆಬಿಸಿಗೆ. ಸಂಜೆ 4ರ ಮೇಲೆ ಕಾಫಿ ಬೇಡ. ಕುಡಿದು 5 ಗಂಟೆ ಕಳೆದರೂ ಅದರ ಅರ್ಧ ಕಸುವು ಮೈಯಲ್ಲೇ ಇರುತ್ತದೆ. ರಾತ್ರಿ ಊಟವಾದ ಮೇಲೆ ಬೀದಿಯ ಕೊನೆವರೆಗೆ ನಡೆದು ಬನ್ನಿ. ಇಷ್ಟು ನಿಮಗೂ ಗೊತ್ತಿರುತ್ತದೆ.

ಗೊತ್ತಿಲ್ಲದ್ದು ನೆತ್ತಿಗೆ ಎಣ್ಣೆ ಒತ್ತುವುದು. ಎಣ್ಣೆಯನ್ನು ನೇರ ಉರಿ ಮೇಲೆ ಇಡಬಾರದು. ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಮಣಿಕಟ್ಟಿನ ಒಳಗೆ ಒಂದು ಹನಿ ಬಿಟ್ಟು ನೋಡಿ, ಹಿತವಾಗಿ ಬೆಚ್ಚಗಿರಬೇಕು. ಬೇಸಿಗೆಗೆ ಕೊಬ್ಬರಿ ಎಣ್ಣೆ, ಚಳಿಗೆ ಎಳ್ಳೆಣ್ಣೆ. ಅಂಗೈ ಗುಳಿ ತುಂಬುವಷ್ಟು ತೆಗೆದುಕೊಂಡು ನೆತ್ತಿ ಮೇಲಿಟ್ಟು ಮೆಲ್ಲಗೆ ತಟ್ಟಿ. ಉಜ್ಜಬೇಡಿ, ತಟ್ಟಿ! ಅದು ಇಂಗಿದ ಮೇಲೆ ಬೆರಳಿನ ತುದಿಯಿಂದ, ಉಗುರು ತಾಕದ ಹಾಗೆ, ಬುಡಬುಡಕ್ಕೆ ತಿಕ್ಕಿ. ಕಿವಿಯ ಹಿಂದೆ, ಕಣತಲೆ, ಕತ್ತಿನ ಹಿಂಭಾಗ ಬಿಡಬೇಡಿ. ಬಿಗಿ ಎಲ್ಲ ಅಲ್ಲೇ ಕೂತಿರುತ್ತದೆ. ಕೊನೆಗೆ ಅಂಗಾಲು. ಬಚ್ಚಲಿಗೆ ಹೋಗುವ ಮುಂಚೆ ಅದನ್ನು ಒರೆಸಿಕೊಳ್ಳಿ, ಜಾರಿ ಬಿದ್ದೀರಿ.

ಇದನ್ನು ಬೇರೆಯವರ ಕೈಯಲ್ಲೇ ಮಾಡಿಸಿಕೊಳ್ಳಬೇಕು. ನೀವೇ ಹಚ್ಚಿಕೊಂಡರೆ ಕೈ ಎತ್ತಿಯೇ ಇರಬೇಕಲ್ಲ, ಭುಜ ಸಡಿಲವಾಗುವುದು ಯಾವಾಗ? ಗಂಡ ಹೆಂಡತಿಗೆ, ಮಗ ಅಮ್ಮನಿಗೆ ಹಚ್ಚಲಿ, ನಾಚಿಕೆ ಯಾಕೆ? ಕೂತವರು ಕಣ್ಣು ಮುಚ್ಚಿ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುತ್ತಿರಬೇಕು. ಮಾತು ಬೇಡ.

ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೇ ದಿನ, ಇನ್ನೂ ಕತ್ತಲಿರುವಾಗಲೇ ಅಮ್ಮ ಮಣೆ ಹಾಕಿ ನಮ್ಮನ್ನೆಲ್ಲ ಸಾಲಾಗಿ ಕೂರಿಸುತ್ತಿದ್ದಳು. ಹಿಂದಿನ ದಿನವೇ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತುಂಬಿಸಿರುತ್ತಿದ್ದಳು. ಜಗಳವಾಡುತ್ತ ಬಂದ ಅಣ್ಣಂದಿರೂ ಅವಳ ಕೈ ನೆತ್ತಿಗೆ ಬಿದ್ದೊಡನೆ ಸುಮ್ಮನಾಗುತ್ತಿದ್ದರು.

ಅಂದಹಾಗೆ, ಎಣ್ಣೆ ಒರೆಸಿದ ಟವೆಲನ್ನು ಉಳಿದ ಬಟ್ಟೆ ಜೊತೆ ಮಷಿನ್‌ಗೆ ತುರುಕಬೇಡಿ. ಎಲ್ಲಕ್ಕೂ ಕಮಟು ವಾಸನೆ ಹತ್ತುತ್ತದೆ. ಬಿಸಿನೀರು, ಸೋಪಿನಪುಡಿ ಹಾಕಿ ಬೇರೆಯೇ ನೆನೆಸಿ. ಎಷ್ಟು ಸಲ ಹೇಳಿದರೂ ನಮ್ಮ ಮನೆಯಲ್ಲಂತೂ ಕೇಳುವವರಿಲ್ಲ.

ಎಣ್ಣೆ ಹಚ್ಚಿಸಿಕೊಂಡು ಒಂದು ತಾಸು ಬಿಟ್ಟು ತಲೆಗೆ ಸೀಗೆಪುಡಿ ಹಾಕಿ, ಬಿಸಿನೀರು ಹುಯ್ದುಕೊಳ್ಳಿ. ಮೆಣಸಿನ ಸಾರು, ಬಿಸಿ ಅನ್ನ ಉಂಡು, ಕೂದಲು ಪೂರ್ತಿ ಒಣಗುವವರೆಗೂ ಫೋನು ಮುಟ್ಟಬೇಡಿ.