ರೆಮಿಂಗ್ಟನ್ 870 ಕೋವಿಯ ಭಾರ ಇಳಿಸಿದ್ದು: ಬುಡ ಕೊರೆಯೋಕೆ ಮುಂಚೆ ಮುಂದಿನ ಕಡೆ ನೋಡಿ

ನನ್ ಹತ್ರ ಇರೋದು ರೆಮಿಂಗ್ಟನ್ 870 ಎಕ್ಸ್‌ಪ್ರೆಸ್, 12 ಬೋರ್, 28 ಇಂಚಿನ ನಳಿಗೆ, ಹೆಗಲಿಗೆ ಒತ್ತೋ ಹಿಂದಿನ ಬುಡ ಮರದ್ದು. ರಿಸೀವರ್, ಅಂದ್ರೆ ಗುಂಡು ಹಾರಿಸೋ ಯಂತ್ರ ಇರೋ ನಡುಭಾಗ, ಪೂರ್ತಿ ಉಕ್ಕು, ಅದಕ್ಕೇ ಗಟ್ಟಿ, ಅದಕ್ಕೇ ಭಾರ. ನಮ್ ಕೊಡಗಲ್ಲಿ ಆಯುಧಗಳ ಹಬ್ಬ ಕೈಲ್ ಪೊಳ್ದ್‌ಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯೋವಾಗ ಕೋವಿ ಭಾರ ಇದ್ರೆ ಅನುಕೂಲಾನೇ, ನಿಂತಲ್ಲೇ ನಿಂತು ಹೊಡೆಯೋದಲ್ವಾ. ಇಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಫೆಸೆಂಟ್ (ಕೋಳಿ ಜಾತಿಯ ಕಾಡುಹಕ್ಕಿ) ಬೇಟೆ ಅಂದ್ರೆ ಆಳೆತ್ತರದ ಹುಲ್ಲಲ್ಲಿ ದಿನವಿಡೀ ನಡೆಯೋದು, ಹಕ್ಕಿ ಯಾವಾಗ ಕಾಲ ಬುಡದಿಂದ ಭರ್ರಂತ ಎದ್ದೇಳತ್ತೋ ಗೊತ್ತಾಗಲ್ಲ, ಹಾಗಾಗಿ ಕೋವಿ ಹೆಗಲಿಗೆ ತೂಗುಹಾಕ್ಕೊಳ್ಳೋ ಹಾಗೂ ಇಲ್ಲ, ಎರಡೂ ಕೈಯಲ್ಲಿ ಹಿಡ್ಕೊಂಡೇ ಇರ್ಬೇಕು.

ಮೊದಲು ಎಲ್ಲಾನೂ ತೂಕಕ್ಕೆ ಇಟ್ಟೆ. ಖಾಲಿ ಕೋವಿ 3.4 ಕೆಜಿ. ರಿಸೀವರ್ ಪಕ್ಕಕ್ಕೆ ಹಾಕಿದ್ದ ಆರು ತೋಟಾದ ಹೋಲ್ಡರ್ ತುಂಬಿದ್ರೆ ಹತ್ರ ಹತ್ರ 400 ಗ್ರಾಂ, ಒಳಗೆ ಐದು ತೋಟಾ, ಮೇಲೊಂದು ದಪ್ಪ ಸ್ಲಿಂಗ್ (ಹೆಗಲಿಗೆ ತೂಗುಹಾಕೋ ಪಟ್ಟಿ), ಒಟ್ಟು 4.2 ಕೆಜಿ ದಾಟ್ತು. ಒಂದು ತೋಟಾನೇ 48 ಗ್ರಾಂ ಬರತ್ತೆ ಸ್ವಾಮಿ! ಹೋಲ್ಡರ್, ಸ್ಲಿಂಗ್ ಎರಡೂ ಬಿಚ್ಚಿದೆ, ತೋಟಾ ಎಲ್ಲಾ ಸೊಂಟದ ವೆಸ್ಟ್‌ಗೆ ಹೋಯ್ತು, ಕೋವಿ ಒಳಗೆ ಮೂರೇ. ತೋಟಾದ ಭಾರ ಎಲ್ಲೂ ಹೋಗ್ಲಿಲ್ಲ ನಿಜ, ಆದ್ರೆ ಕೈ ಹೊರೋದಕ್ಕೂ ಸೊಂಟ ಹೊರೋದಕ್ಕೂ ಸಂಜೆ ಹೊತ್ತಿಗೆ ಅಜಗಜಾಂತರ.

ಆಮೇಲೆ ನಳಿಗೆ. 870ರಲ್ಲಿ ನಳಿಗೆ ಕೆಳಗಿರೋ ತೋಟಾ ಕೊಳವೆಯ ಮುಚ್ಚಳ, ಅಂದ್ರೆ ಮ್ಯಾಗಜಿನ್ ಕ್ಯಾಪ್, ತಿರುಗಿಸಿದ್ರೆ ನಳಿಗೆ ಕೈಗೆ ಬರತ್ತೆ, ಚೇಂಬರ್ (ನಳಿಗೆ ಹಿಂತುದೀಲಿ ತೋಟಾ ಕೂರೋ ಜಾಗ) ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡ್ಕೊಂಡೇ ಕೈ ಹಾಕಿ. 21 ಇಂಚಿನದು ಹಾಕಿದೆ. ಇಳಿದಿದ್ದು 150 ಗ್ರಾಂ ಅಷ್ಟೇ, ಆದ್ರೆ ಅದು ತುದೀಲಿ ಇದ್ದ ಭಾರ, ಎಡಗೈಗೆ ತಕ್ಷಣ ಗೊತ್ತಾಗತ್ತೆ. ಇರೋ ನಳಿಗೇನ ಗರಗಸದಲ್ಲಿ ಕುಯ್ಯೋಕೆ ಮಾತ್ರ ಹೋಗ್ಬೇಡಿ, ಗುಂಡು ಚದುರೋದನ್ನ ಹಿಡಿತದಲ್ಲಿಡೋ ತುದಿಯ ಚೋಕ್ ಹೋಗತ್ತೆ, ಜೊತೆಗೆ 18 ಇಂಚಿಗಿಂತ ಗಿಡ್ಡ ಆದ್ರೆ ಅಮೆರಿಕದ ಫೆಡರಲ್ ಕಾನೂನು ಬೇರೆ ಮೈಮೇಲೆ ಬರತ್ತೆ.

ಕೊನೇದು ಬುಡ ಕೊರೆಯೋದು, ಎಲ್ಲರೂ ಮೊದಲು ಹೇಳೋದು ಇದನ್ನೇ. ಬುಡದ ತುದೀಲಿರೋ ರಬ್ಬರ್ ರಿಕಾಯಿಲ್ ಪ್ಯಾಡ್ ಬಿಚ್ಚಿದ್ರೆ ನಡುವೆ ಬೋಲ್ಟ್ ತೂತು ಕಾಣತ್ತೆ. ಅದರ ಮೇಲೊಂದು ಕೆಳಗೊಂದು, ಒಂದಿಂಚು ಅಗಲ, ನಾಲ್ಕಿಂಚು ಆಳ ಕೊರೆದೆ, ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡ್ಕೊಂಡು. ಸುತ್ತ ಸಾಕಷ್ಟು ಮರ ಉಳೀಬೇಕು, ಕೈ ಹಿಡಿಯೋ ಸಣ್ಣ ಭಾಗದ ಹತ್ರಕ್ಕೂ ಹೋಗ್ಬಾರದು, ಮುರಿಯೋದು ಅಲ್ಲೇ. ಒಳಗೆ ಪಾಲಿಯುರೇಥೇನ್ ಬಳಿದೆ, ಇಲ್ಲಾಂದ್ರೆ ಮರ ತೇವ ಕುಡಿಯತ್ತೆ. ಇಷ್ಟು ಮಾಡಿ ಸಿಕ್ಕಿದ ಪುಡಿ ಎಷ್ಟು? ಒಂದು ತೂತಿಗೆ 33 ಗ್ರಾಂ. ಒಂದು ತೋಟಾದಷ್ಟೂ ಇಲ್ಲ! ಉದ್ದ ನಳಿಗೆ ಹಾಗೇ ಬಿಟ್ಟು ಹಿಂದೆ ಮಾತ್ರ ಕೊರೆದ್ರೆ ಮೂತಿ ಇನ್ನೂ ಕೆಳಗೆ ಎಳೆಯತ್ತೆ, ಅದಕ್ಕೇ ಇದನ್ನ ಕೊನೆಗೆ ಇಟ್ಕೊಂಡಿದ್ದು.

ಈಗ ಮೂರು ತೋಟಾ ಸೇರಿ 3.3 ಕೆಜಿ. ಭಾರ ಕಮ್ಮಿ ಆದಷ್ಟೂ ಒದೆತ ಜಾಸ್ತಿ, ಇದರಿಂದ ತಪ್ಪಿಸ್ಕೊಳ್ಳೋಕಾಗಲ್ಲ, ಹಾಗಾಗಿ ಒಳಗೆ ಒಂದೂಕಾಲು ಔನ್ಸ್ ಚರೆ (ಸಣ್ಣ ಗುಂಡು) ಇರೋ ತೋಟಾ ಬಿಟ್ಟು ಒಂದೂ ಎಂಟನೇ ಒಂದು ಔನ್ಸ್‌ದು ತಗೊಂಡೆ, ಹತ್ರದಲ್ಲಿ ಎದ್ದ ಹಕ್ಕಿಗೆ ಧಾರಾಳ ಸಾಕು. ಸ್ಲಿಂಗ್ ವೆಸ್ಟ್ ಜೇಬಲ್ಲಿರತ್ತೆ, ಕೋವಿ ಖಾಲಿ ಮಾಡಿ ಕಾರ್ ಕಡೆ ವಾಪಸ್ ನಡೆಯೋವಾಗ ಹಾಕ್ಕೊಳ್ತೀನಿ.