ಪಟ್ಟಣದ ಗಡಿ ಎಲ್ಲಿರಬೇಕು ಅಂತ ನೀರುಗಂಟಿಯನ್ನು ಕೇಳಿದೆವು

ಹಾಸನ ಜಿಲ್ಲೆಯಲ್ಲಿ ತಾಲ್ಲೂಕು ಕೇಂದ್ರಕ್ಕೆ ಅಂಟಿಕೊಂಡಿರುವ ಒಂದು ಗ್ರಾಮ ಪಂಚಾಯಿತಿಗೆ ನಾನು ಸದಸ್ಯನಾಗಿದ್ದೆ. ಪುರಸಭೆ ಗಡಿ ವಿಸ್ತರಿಸುವ ಮಾತು ಬಂದಾಗ ನಮ್ಮ ಕೈಗೆ ಒಂದು ನಕ್ಷೆ ಸಿಕ್ಕಿತು. ಬೈಪಾಸ್ ರಸ್ತೆಯ ಈಚೆ ಇರುವುದೆಲ್ಲ ಪಟ್ಟಣಕ್ಕೆ ಅಂತ ಗೆರೆ ಎಳೆದಿದ್ದರು. ಕೆರೆ, ಗೋಮಾಳ, ಕೆರೆ ನೀರುಣ್ಣುವ ಗದ್ದೆ ಬಯಲು ಅಂದರೆ ಅಚ್ಚುಕಟ್ಟಿನಲ್ಲಿ ಅರ್ಧ, ಎಲ್ಲಾ ಅದರೊಳಗೆ.

ಮೊದಲ ಗ್ರಾಮಸಭೆ ಗಲಾಟೆಯಲ್ಲೇ ಮುಗಿಯಿತು. ಹೊಸ ಬಡಾವಣೆಯವರಿಗೆ ಪುರಸಭೆ ಬೇಕಿತ್ತು, ಯಾಕೆಂದರೆ ನಮ್ಮ ಕೊಳವೆಬಾವಿ ನೀರು ಅವರ ಮನೆಗೆ ವಾರಕ್ಕೆ ಎರಡು ಸಲ ಬಂದರೆ ಹೆಚ್ಚು, ಒಳಚರಂಡಿ ಅಂತೂ ಇಲ್ಲವೇ ಇಲ್ಲ. ಹಳೇ ಊರಿನ ಹೆಂಗಸರಿಗೆ ಬೇಡವಾಗಿತ್ತು. ಪಟ್ಟಣಕ್ಕೆ ಸೇರಿದರೆ ಹಳ್ಳಿಗಷ್ಟೇ ಇದ್ದ ನರೇಗಾ ಕೂಲಿ ಕೆಲಸ ಹೋಗುತ್ತದೆ, ಮನೆ ಕಂದಾಯ ಏರುತ್ತದೆ ಅನ್ನುವುದು ಅವರ ಭಯ. ಇಬ್ಬರ ಮಾತೂ ನ್ಯಾಯವೇ ಅಲ್ವಾ? ಸುಮ್ನೆ 'ಒಂದಿಂಚೂ ಬಿಡಲ್ಲ' ಅಂತ ಠರಾವು ಬರೆಯಲು ನನಗೆ ಮನಸ್ಸಾಗಲಿಲ್ಲ.

ಗಡಿಯನ್ನು ಪಂಚಾಯಿತಿ, ಪುರಸಭೆ ಕೂತು ತೀರ್ಮಾನಿಸಲು ಕಾನೂನಿನಲ್ಲಿ ಆಗುವುದಿಲ್ಲ. ಸರ್ಕಾರ ಕರಡು ಅಧಿಸೂಚನೆ ಹೊರಡಿಸುತ್ತದೆ, ಆಕ್ಷೇಪಣೆಗೆ 30 ದಿನ ಕೊಡುತ್ತದೆ, ಆಮೇಲೆ ಅಂತಿಮ ಆದೇಶ. ಆದರೆ ಎರಡೂ ಕಡೆಯವರು ಒಂದೇ ನಕ್ಷೆ ಕೊಟ್ಟರೆ ಮೇಲಿನವರು ಅದನ್ನು ತಳ್ಳಿಹಾಕುವುದು ಕಷ್ಟ. ಹಾಗಾಗಿ ಪುರಸಭೆ ಸದಸ್ಯರ ಮನೆಗಳಿಗೇ ಹೋದೆ. ಅಲ್ಲಿ ಒಂದು ವಿಷಯ ತಿಳಿಯಿತು, ಅವರಿಗೂ ಗದ್ದೆ ಬಯಲು ಬೇಕಿರಲಿಲ್ಲ. ಗದ್ದೆಯಿಂದ ಕಂದಾಯ ಹುಟ್ಟುವುದಿಲ್ಲ, ದಾರಿ, ಬೀದಿದೀಪದ ಖರ್ಚು ಮಾತ್ರ ಬರುತ್ತದೆ. ಅವರಿಗೆ ಬೇಕಿದ್ದದ್ದು ಬಡಾವಣೆಗಳು, ಮತ್ತೆ ನೀರಿನ ಟ್ಯಾಂಕಿಗೆ ಎತ್ತರದ ಒಂದು ಜಾಗ.

ಒಂದು ಬೆಳಿಗ್ಗೆ ಸರ್ವೆಯವರು, ಇಬ್ಬರು ಪುರಸಭೆ ಸದಸ್ಯರು, ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಗದ್ದೆಗಳಿಗೆ ಕೆರೆ ನೀರು ಬಿಡುವ ನಮ್ಮೂರ ನೀರುಗಂಟಿ ತಾತ, ನಾನು, ಗ್ರಾಮ ನಕ್ಷೆ ಹಿಡಿದು ಕೆರೆ ಏರಿಯಿಂದ ಕೋಡಿಯವರೆಗೆ ನಡೆದೆವು. ಕೆರೆಯಿಂದ ನೀರು ಬಿಡುವ ತೂಬಿನ ಹತ್ತಿರ ತಾತ ನಿಂತುಬಿಟ್ಟರು. 'ನೋಡಪ್ಪ, ತೂಬು ಪಟ್ಟಣಕ್ಕೆ, ಗದ್ದೆ ಪಂಚಾಯ್ತಿಗೆ ಅಂದ್ರೆ ನೀರು ಬಿಡೋಕೆ ನಾನು ಯಾರನ್ನ ಕೇಳ್ಲಿ?' ಅಂದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ರಸ್ತೆಯ ಗೆರೆ ಅಲ್ಲೇ ಬಿದ್ದುಹೋಯಿತು. ಮೇಲಿನ ಕಾಲುವೆಯೇ ಗಡಿ ಅಂತಾಯಿತು. ಅದರಾಚೆ ದಿಬ್ಬದ ಕಡೆಯ ಬಡಾವಣೆಗಳು ಪಟ್ಟಣಕ್ಕೆ. ಕೆರೆ, ತೂಬು, ಅಚ್ಚುಕಟ್ಟು, ಗೋಮಾಳ ಪಂಚಾಯಿತಿಗೆ. ಟ್ಯಾಂಕಿಗೆ ಜಾಗ ನಾವು ಬಿಟ್ಟೆವು, ಬಡಾವಣೆ ಕೊಳಚೆ ಕೆರೆಗೆ ಬರುವ ಕಾಲುವೆಗೆ ಬಿಡುವುದಿಲ್ಲ ಅಂತ ಅವರ ನಡವಳಿಯಲ್ಲಿ ಬರೆಸಿಕೊಂಡೆವು.

ಆಕ್ಷೇಪಣೆಯಲ್ಲಿ ಎರಡು ಅಂಶ ಚೆನ್ನಾಗಿ ಕೆಲಸ ಮಾಡಿದವು. 1964ರ ಪುರಸಭೆ ಕಾಯ್ದೆ ಪ್ರಕಾರ ಪಟ್ಟಣ ಅನಿಸಿಕೊಳ್ಳಲು ಕನಿಷ್ಠ ಶೇಕಡಾ 50 ಉದ್ಯೋಗ ಕೃಷಿಯೇತರ ಆಗಿರಬೇಕು, ನಮ್ಮ ಕೆಳಗಿನ ಎರಡು ಹಳ್ಳಿಗಳಲ್ಲಿ ಜನ ಬದುಕುವುದೇ ರಾಗಿ, ಭತ್ತ, ಆಲೂಗಡ್ಡೆಯಿಂದ. ಇನ್ನೊಂದು, ಬಡಾವಣೆಗಳು ಹೋದ ಮೇಲೂ ಪಂಚಾಯಿತಿ ಉಳಿಯುತ್ತದೆ. ಹಾಸನ, ಚಿಕ್ಕಮಗಳೂರಿನಂಥ ಮಲೆನಾಡು ಜಿಲ್ಲೆಗಳಲ್ಲಿ ಪಂಚಾಯಿತಿಗೆ 2,500 ಜನ ಇದ್ದರೆ ಸಾಕು.

ನಾನು ತಪ್ಪಿದ್ದು ಇಲ್ಲಿ: ಗಡಿ ಸರಿಯಾದರೆ ಗದ್ದೆ ಉಳಿಯಿತು ಅಂದುಕೊಂಡೆ. ಕೆಲವೇ ತಿಂಗಳಲ್ಲಿ ಅಚ್ಚುಕಟ್ಟಿನೊಳಗೇ ಕನ್ವರ್ಷನ್ ಅರ್ಜಿ ಬಂತು. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಈ ಭೂ ಪರಿವರ್ತನೆ ಆಗ ಜಿಲ್ಲಾಧಿಕಾರಿ ಕೈಯಲ್ಲಿತ್ತು, ಪಂಚಾಯಿತಿ ಗಡಿಯೊಳಗಿನ ಜಮೀನಾದರೂ ಅಷ್ಟೇ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ತಡೆ ಇರುವುದು ಯಾವ ಜಾಗ ಯಾವ ಬಳಕೆಗೆ ಅಂತ ಗೊತ್ತುಮಾಡುವ ಮಾಸ್ಟರ್ ಪ್ಲಾನಿನಲ್ಲಿ. ಯೋಜನಾ ಪ್ರದೇಶ ಪುರಸಭೆ ಗಡಿ ದಾಟಿ ಸುತ್ತಲಿನ ಹಳ್ಳಿಗಳಿಗೂ ಹರಡಿರುತ್ತದೆ, ಅದರಲ್ಲಿ ನಮ್ಮ ಸರ್ವೆ ನಂಬರುಗಳಿಗೆ ಕೃಷಿ ವಲಯ ಅಂತ ಬಣ್ಣ ಬೀಳಬೇಕು. ಗಡಿಯ ಅರ್ಜಿ ಜೊತೆಗೇ ಇದನ್ನೂ ಕೊಡಬೇಕಿತ್ತು, ನಾವು ಒಂದು ವರ್ಷ ತಡ ಮಾಡಿದೆವು.

ಆಗ ಗದ್ದೆಯವರೇ ಕೆಲವರು ಸಿಟ್ಟಾದರು. ದಿಬ್ಬದ ಮೇಲಿನವನ ಜಮೀನಿಗೆ ಅಡಿ ಲೆಕ್ಕದಲ್ಲಿ ದುಡ್ಡು, ನಮಗೆ ಎಕರೆ ಲೆಕ್ಕ, ಯಾಕಣ್ಣ ಅಂತ ಕೇಳಿದರು. ಅದು ನಿಜವಾದ ನಷ್ಟ, ಸಮಾಧಾನ ಹೇಳಿ ಮುಚ್ಚುವಂಥದ್ದಲ್ಲ. ನನ್ನ ಕೈಲಾದದ್ದು ಒಂದೇ. ಕೆರೆ ಹೂಳು ತೆಗೆಸಿ ತೂಬು ರಿಪೇರಿ ಮಾಡಿಸುವ ಕೆಲಸವನ್ನು ಆ ವರ್ಷದ ಕ್ರಿಯಾ ಯೋಜನೆಯ ಮೊದಲ ಸಾಲಿಗೆ ಹಾಕಿಸಿದೆ.