ಕೆನಡಾದ ಪ್ರೇರಿಗೆ ಹೊರಟ ಸಸ್ಯಾಹಾರಿಗಳಿಗೆ: ಮೆನ್ನೊನೈಟರ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುವುದು ಹೇಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಕೆನಡಾದ ಪ್ರೇರಿಗೆ, ಅಂದರೆ ಅಲ್ಲಿನ ಬಯಲು ಹುಲ್ಲುಗಾವಲಿನ ಸೀಮೆಗೆ, ವಿನ್ನಿಪೆಗ್‌ಗೋ ಸಸ್ಕಟೂನ್‌ಗೋ ಓದಲು ಹೊರಟ ಮಕ್ಕಳು ನನ್ನನ್ನು ಮೊದಲು ಕೇಳುವುದು ಊಟದ ವಿಷಯ. "ಅಕ್ಕಾ, ಅಲ್ಲಿ ಮೆನ್ನೊನೈಟರು ಅಂತ ಜಾಸ್ತಿ ಇದ್ದಾರಂತೆ, ಬರೀ ಹಂದಿ ಸಾಸೇಜ್ ತಿಂತಾರಂತೆ, ಊಟಕ್ಕೆ ಕರೆದರೆ ಏನು ಮಾಡೋದು?" ಅಂತ. ನನ್ನ ಉತ್ತರ ಒಂದೇ. ಮೊದಲೇ ಬಾಯಿಬಿಟ್ಟು ಹೇಳಿ, ಆಮೇಲೆ ಹೋಗಿ, ಕೂತು ಉಣ್ಣಿ. ಸಸ್ಯಾಹಾರಿ ಅನ್ನುವ ಒಂದೇ ಕಾರಣಕ್ಕೆ ನೆಪ ಹೇಳಿ ರೂಮಿನಲ್ಲಿ ಒಬ್ಬರೇ ಮ್ಯಾಗಿ ಮಾಡಿಕೊಂಡು ಕೂರಬೇಡಿ. ಅವರ ಮೇಜಿನ ಮೇಲೆ ಹಾಲು, ಕೆನೆ, ಮೈದಾ, ಆಲೂಗಡ್ಡೆ, ಹಣ್ಣು ಇವುಗಳದ್ದೇ ದೊಡ್ಡ ಪಾಲು. ಕೇಳಿ ತಿಳಿದುಕೊಂಡರೆ ನಮಗೆ ಬೇಕಾದಷ್ಟು ಸಿಗುತ್ತದೆ.

ಮೊದಲು ಅವರು ಯಾರು ಅಂತ ಸ್ವಲ್ಪ ಗೊತ್ತಿರಲಿ. 16ನೇ ಶತಮಾನದಲ್ಲಿ ಮೆನ್ನೊ ಸೈಮನ್ಸ್ ಅನ್ನುವ ಪಾದ್ರಿಯ ಹೆಸರಿನಿಂದ ಗುರುತಾದ ಕ್ರೈಸ್ತರು ಇವರು. ದೊಡ್ಡವರಾದ ಮೇಲೆ ಸ್ವಂತ ಇಷ್ಟದಿಂದ ದೀಕ್ಷಾಸ್ನಾನ ತಗೋಬೇಕು, ಆಯುಧ ಹಿಡಿಯಬಾರದು ಅನ್ನುವುದು ಅವರ ನಂಬಿಕೆ. ಅದಕ್ಕಾಗಿ ನೆದರ್ಲೆಂಡ್ಸ್‌ನಿಂದ ಈಗಿನ ಪೋಲೆಂಡಿನ ವಿಸ್ಚುಲಾ ನದಿಯ ಮುಖಜ ಭೂಮಿಗೆ ಹೋದರು, 1789ರಿಂದ ಈಗಿನ ಉಕ್ರೇನ್‌ಗೆ ಹೋದರು, ಅಲ್ಲೂ ಸೈನ್ಯಕ್ಕೆ ಸೇರಲೇಬೇಕು ಅನ್ನುವ ಕಾನೂನು ಬಂದಾಗ 1874ರಿಂದ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಹುಲ್ಲುಗಾವಲಿಗೆ ಬಂದು ನೆಲ ಉತ್ತರು. ಅಲ್ಲಿನ ಸ್ಟೈನ್‌ಬಾಕ್ ಊರು ಹುಟ್ಟಿದ್ದು ಅದೇ ವರ್ಷ. ಇನ್ನೊಂದು ದೊಡ್ಡ ಗುಂಪು ರಷ್ಯಾದ ಕ್ರಾಂತಿಯ ನಂತರ 1920ರ ದಶಕದಲ್ಲಿ ಬಂತು. ಅವರ ವೆರೆನಿಕಿ (ಹೂರಣ ತುಂಬಿ ನೀರಿನಲ್ಲಿ ಬೇಯಿಸಿದ ಕಡುಬು), ಬೋರ್ಷ್ಟ್ (ತರಕಾರಿ ಸಾರು) ಎಲ್ಲ ಉಕ್ರೇನಿನ ನೆರೆಹೊರೆಯಿಂದ ಕಲಿತದ್ದು. ಇನ್ನೊಂದು ಮಾತು, ಹಳೆಯ ಕಟ್ಟಳೆಯ ಕೆಲವು ಪಂಗಡದವರು ಕುದುರೆ ಗಾಡಿಯಲ್ಲೇ ಓಡಾಡುತ್ತಾರೆ ನಿಜ, ಆದರೆ ಇವರನ್ನು ಕಂಡಕೂಡಲೇ "ನಿಮ್ಮ ಕುದುರೆ ಗಾಡಿ ಎಲ್ಲಿ?" ಅಂತ ಕೇಳಬೇಡಿ. ವಿನ್ನಿಪೆಗ್‌ನಲ್ಲಿ ಕಾಲೇಜು ಮೇಷ್ಟ್ರು, ನರ್ಸ್, ಬ್ಯಾಂಕಿನವರು, ಎಲ್ಲ ಕಡೆ ಮೆನ್ನೊನೈಟರು ಇದ್ದಾರೆ, ಕಾರು ಓಡಿಸುತ್ತಾರೆ, ನಮ್ಮ ಹಾಗೇ ಫೋನ್ ನೋಡುತ್ತಾರೆ.

ಹೇಳುವುದು ಹೇಗೆ

ಕರೆದ ದಿನವೇ ಹೇಳಿ. ಭಾನುವಾರ ಮಧ್ಯಾಹ್ನ ತಟ್ಟೆ ಮುಂದೆ ಬಂದಾಗ ಹೇಳಿದರೆ ಆ ಮನೆಯ ಅಜ್ಜಿಗೆ ಸಂಕಟ, ನಿಮಗೂ ಸಂಕಟ. ಬರೀ "ವೆಜಿಟೇರಿಯನ್" ಅಂದರೆ ಸಾಲದು, ಏಕೆಂದರೆ ಅಲ್ಲಿ ಎಷ್ಟೋ ಜನರಿಗೆ ಮೊಟ್ಟೆ ಅದರೊಳಗೇ ಬರುತ್ತದೆ, ಕೆಲವರಿಗೆ ಮೀನೂ ಬರುತ್ತದೆ. ಒಂದೊಂದೇ ಹೆಸರು ಹಿಡಿದು ಹೇಳಿ: ಮಾಂಸ, ಕೋಳಿ, ಮೀನು, ಮೊಟ್ಟೆ ತಿನ್ನುವುದಿಲ್ಲ, ಹಾಲು, ಬೆಣ್ಣೆ, ಮೊಸರು, ಕೆನೆ ಎಲ್ಲ ತಿನ್ನುತ್ತೇನೆ, ನನಗಾಗಿ ಬೇರೆ ಅಡುಗೆ ಬೇಡ, ಬ್ರೆಡ್ಡು, ಆಲೂಗಡ್ಡೆ ಇದ್ದರೂ ಸಾಕು, ನಾನೂ ಒಂದು ಪದಾರ್ಥ ಮಾಡಿಕೊಂಡು ಬರುತ್ತೇನೆ. ಏನು ತಿನ್ನುತ್ತೀರಿ ಅನ್ನುವುದನ್ನು ಹೇಳುವುದು ಬಹಳ ಮುಖ್ಯ. ಅಡುಗೆ ಮಾಡುವವರಿಗೆ ಆಗ ದಾರಿ ಕಾಣುತ್ತದೆ.

ಮೊಟ್ಟೆಯ ವಿಷಯದಲ್ಲಿ ನಿಮ್ಮ ಮನೆಯ ಪದ್ಧತಿ ಏನು ಅಂತ ಬೆಳಗಾವಿ ಬಿಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಕೇಕಿನಲ್ಲಿ ಇದ್ದರೆ ಪರವಾಗಿಲ್ವಾ, ಅದೂ ಬೇಡವಾ? ಎರಡೂ ಸರಿ, ಆದರೆ ಒಂದು ದಿನ ಹೌದು ಒಂದು ದಿನ ಇಲ್ಲ ಅಂದರೆ ಮನೆಯವರಿಗೆ ಗೊಂದಲ.

ಏನು ತಿನ್ನಬಹುದು, ಏನು ಕೇಳಬೇಕು

ಭಾನುವಾರ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಅವರಲ್ಲಿ ಫಾಸ್ಪಾ ಅಂತ ಒಂದು ಹಗುರ ಊಟ ಇರುತ್ತದೆ. ಭಾನುವಾರ ಒಲೆ ಹಚ್ಚುವ ಕೆಲಸ ಕಡಿಮೆ ಇರಲಿ ಅಂತ ಶನಿವಾರವೇ ಬನ್ ಸುಟ್ಟಿಡುವ ಹಳೆಯ ರೂಢಿ. ಬನ್, ಬೆಣ್ಣೆ, ಮನೆಯಲ್ಲೇ ಮಾಡಿದ ಜಾಮ್, ಚೀಸ್, ಉಪ್ಪಿನಕಾಯಿ ಹಾಕಿದ ಸೌತೆ, ಕಾಫಿ, ಜೊತೆಗೆ ತಣ್ಣನೆಯ ಮಾಂಸದ ಹೋಳು. ಮಾಂಸದ ತಟ್ಟೆ ಬಂದರೆ ಪಕ್ಕದವರಿಗೆ ದಾಟಿಸಿ, ಬನ್ನಿನಲ್ಲಿ ಹಂದಿ ಕೊಬ್ಬು ಇಲ್ಲ ಅಂತ ಕೇಳಿಕೊಂಡರೆ ಉಳಿದದ್ದು ಹೆಚ್ಚುಕಡಿಮೆ ಎಲ್ಲ ನಿಮ್ಮದು. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಸುಲಭದ ಊಟ ಇಲ್ಲ, ಆದ್ದರಿಂದ ಆಯ್ಕೆ ನಿಮಗೆ ಬಿಟ್ಟರೆ ಫಾಸ್ಪಾಕ್ಕೆ ಬರುತ್ತೇನೆ ಅನ್ನಿ. ಆ ಬನ್ನಿಗೆ ಜ್ವೀಬಾಕ್ ಅನ್ನುತ್ತಾರೆ, ದೊಡ್ಡದರ ತಲೆ ಮೇಲೆ ಚಿಕ್ಕದೊಂದು ಕೂತಿರುತ್ತದೆ, ಮೇಲಿನದನ್ನು ಕಿತ್ತು ಮೊದಲು ತಿನ್ನುವುದು ಮಕ್ಕಳ ಸಂಭ್ರಮ. ದೇಶ ಬಿಟ್ಟು ದೇಶಕ್ಕೆ ಹೋಗುವಾಗ ಇದನ್ನೇ ಒಣಗಿಸಿ ಚೀಲ ತುಂಬಿಕೊಂಡು ಹೊರಟಿದ್ದರು, ನಮ್ಮ ಕಡಕ್ ರೊಟ್ಟಿ ಇದ್ದ ಹಾಗೆ ಎಷ್ಟು ದಿನವಾದರೂ ಕೆಡುವುದಿಲ್ಲ.

ಪ್ಲೂಮೆಮೋಸ್ ಬಂದರೆ ಬಿಡಬೇಡಿ. ಒಣ ಪ್ಲಮ್, ಒಣದ್ರಾಕ್ಷಿ ಕುದಿಸಿ, ಸಕ್ಕರೆ ಹಾಕಿ, ಸ್ವಲ್ಪ ಹಿಟ್ಟು ಕೆನೆ ಬೆರೆಸಿ ಗಟ್ಟಿ ಮಾಡಿ ತಣ್ಣಗೆ ಬಡಿಸುತ್ತಾರೆ.

ಬೇಸಿಗೆಯ ಬೋರ್ಷ್ಟ್ ನೋಡಿದರೆ ನಿಮಗೆ ಆಸೆ ಆಗುವುದು ಖಂಡಿತ. ಅದರಲ್ಲಿ ಆಲೂಗಡ್ಡೆ, ಹುಳಿ ಸೊಪ್ಪು, ಮಜ್ಜಿಗೆ, ಮೇಲೆ ಕೈ ತುಂಬ ಸಬ್ಬಸಗಿ. ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಆ ಸಬ್ಬಸಗಿಯ ಘಮಕ್ಕೆ ವಿಜಯಪುರದ ಸಂತೆ ಕಣ್ಣ ಮುಂದೆ ಬರುತ್ತದೆ. ಆದರೆ ಅದರ ಬುಡದಲ್ಲಿ ಹೆಚ್ಚಾಗಿ ಹಂದಿ ಮೂಳೆಯ ಸಾರು ಇರುತ್ತದೆ, ಮೇಲೆ ಕಾಣುವುದಿಲ್ಲ. ಸುಮ್ನೆ ಊಹೆ ಮಾಡಬೇಡಿ, ಕೇಳಿ. ಎಲೆಕೋಸಿನ ಬೋರ್ಷ್ಟ್ ಕೂಡ ಸಾಮಾನ್ಯವಾಗಿ ದನದ ಮಾಂಸದ ಸಾರಿನಲ್ಲೇ ಆಗುವುದು.

ಕೇಳಬೇಕಾದದ್ದು ಇಷ್ಟು. ಇದರಲ್ಲಿ ಹಂದಿ ಕೊಬ್ಬು ಇದೆಯಾ (ಹಳೆಯ ಕಾಲದ ಕೈಯಿಂದ ಬಂದ ಪೈ, ಬನ್, ಕರಿದ ತಿಂಡಿಗಳಲ್ಲಿ ಇರಬಹುದು), ಸಾರು ಯಾವುದರದ್ದು, ಮೊಟ್ಟೆ ಇದೆಯಾ, ಜೆಲ್ಲಿಯಲ್ಲಿ ಜೆಲಾಟಿನ್ ಇದೆಯಾ. ಬಣ್ಣ ಬಣ್ಣದ ಜೆಲ್ಲಿ ಸಲಾಡ್ ನೋಡಿ ಹಣ್ಣಿನದ್ದು ಅಂತ ತಗೋಬೇಡಿ, ಜೆಲಾಟಿನ್ ಬರುವುದು ಪ್ರಾಣಿಗಳ ಚರ್ಮ ಮೂಳೆಯಿಂದ. ತುಂಬ ಕಟ್ಟುನಿಟ್ಟಿನವರು ಚೀಸ್ ಪೊಟ್ಟಣದ ಮೇಲೂ ನೋಡಬೇಕು, ಕೆಲವಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ರಸ ಬಳಸುತ್ತಾರೆ. ಆಗಸ್ಟ್‌ನಲ್ಲಿ ಕಲ್ಲಂಗಡಿ ಜೊತೆ ಕೊಡುವ ರೋಲ್‌ಕೂಕನ್ ಕರಿದ ತಿಂಡಿ, ಹಿಟ್ಟಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಮೊಟ್ಟೆ ಬೇಡದವರು ಕಲ್ಲಂಗಡಿ ಎರಡು ಹೋಳು ಜಾಸ್ತಿ ತಿನ್ನಿ.

ವಾದ ಬೇಡ

ತಿನ್ನುವುದರ ಬಗ್ಗೆ ಮಾತು ಬಂದೇ ಬರುತ್ತದೆ. ನಾನು ಬಸವಣ್ಣನ ನಾಡಿನವಳು, ಬಾಗೇವಾಡಿ, ಕೂಡಲಸಂಗಮ ನೋಡಿಕೊಂಡು ಬೆಳೆದವಳು, ದಯೆ ನನ್ನ ತಟ್ಟೆಯಿಂದಲೇ ಶುರುವಾಗಬೇಕು ಅನ್ನುವುದು ನನ್ನ ನಂಬಿಕೆ. ಅವರ ಅಹಿಂಸೆ ಮನುಷ್ಯರ ಕಡೆಯಿಂದ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಸಾವಿರಾರು ಮೆನ್ನೊನೈಟ್ ಹುಡುಗರು ಬಂದೂಕು ಹಿಡಿಯದೆ ಕಾಡಿನಲ್ಲಿ, ಹೊಲದಲ್ಲಿ, ರಸ್ತೆ ಕೆಲಸದಲ್ಲಿ ದುಡಿದರು, ಜನರ ಕೈಲಿ ಮಾತು ಕೇಳಿದರು. ಅಂಥವರ ಮುಂದೆ ಕೂತು "ನೀವು ಶಾಂತಿ ಅಂತೀರಿ, ಹಂದಿ ಯಾಕೆ ತಿಂತೀರಿ" ಅಂತ ಸವಾಲು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮೈನಸ್ 30ರ ಚಳಿಗಾಲ ಎದುರಿಗಿದ್ದಾಗ ನೆರೆಯವರೆಲ್ಲ ಸೇರಿ ಹಂದಿ ಕೊಯ್ದು ಸಾಸೇಜ್ ಮಾಡಿಟ್ಟು ಬದುಕಿದವರು ಅವರ ಹಿರಿಯರು, ಹಸಿ ತರಕಾರಿ ಆಗ ಎಲ್ಲಿತ್ತು? ಅವರೇ ಕೇಳಿದರೆ ಮನಸ್ಸು ಬಿಚ್ಚಿ ಹೇಳಿ. ಉಕ್ರೇನಿನ ಹಸಿವನ್ನು ನೀಗಿಸಲು 1920ರಲ್ಲಿ ಹುಟ್ಟಿದ ಅವರ ಮೆನ್ನೊನೈಟ್ ಸೆಂಟ್ರಲ್ ಕಮಿಟಿ (ಎಂಸಿಸಿ) ಅನ್ನುವ ಸೇವಾ ಸಂಸ್ಥೆ, 1976ರಲ್ಲಿ ಒಂದು ಅಡುಗೆ ಪುಸ್ತಕವನ್ನೇ ಹೊರತಂದಿತು. ಜಗತ್ತಿನಲ್ಲಿ ಹಸಿದವರಿದ್ದಾರೆ, ಮಾಂಸ ಕಡಿಮೆ ಮಾಡಿ, ಕಾಳು ಬೇಳೆ ಜಾಸ್ತಿ ತಿನ್ನಿ ಅನ್ನುವುದೇ ಅದರ ತಿರುಳು. ಆ ಪುಸ್ತಕ ಎಷ್ಟೋ ಮನೆಯ ಅಡುಗೆಮನೆಯಲ್ಲಿದೆ, ಮಾತು ಅಲ್ಲಿಂದ ಶುರು ಮಾಡಿದರೆ ಚೆನ್ನ. ಹಾಗೇ ತಟ್ಟೆಯಲ್ಲಿ ಅನ್ನ ಬಿಡಬೇಡಿ. ಬರಗಾಲ ಕಂಡ ಕುಟುಂಬಗಳು ಅವು. 1876–78ರ ಬರ ವಿಜಯಪುರ ಜಿಲ್ಲೆಯನ್ನು ಏನು ಮಾಡಿತ್ತು ಅನ್ನುವುದು ನಮಗೂ ಗೊತ್ತಲ್ವಾ.

ಊಟಕ್ಕೆ ಮೊದಲು ಪ್ರಾರ್ಥನೆ ಇರುತ್ತದೆ, ಅದು ಮುಗಿಯುವವರೆಗೆ ಚಮಚಕ್ಕೆ ಕೈ ಹಾಕಬೇಡಿ. ಊಟ ಆದ ಮೇಲೆ ಪಾತ್ರೆ ಒರೆಸಲು ಎದ್ದು ನಿಲ್ಲಿ, ಹುಡುಗರೂ ಅಷ್ಟೇ.

ಏನು ಒಯ್ಯಬೇಕು

ಕೈಬೀಸಿಕೊಂಡು ಹೋಗಬೇಡಿ. ಚರ್ಚಿನಲ್ಲಿ ಪಾಟ್‌ಲಕ್ ಇದ್ದರೆ ಎಲ್ಲರೂ ಒಂದೊಂದು ಪಾತ್ರೆ ತರುತ್ತಾರೆ, ನೀವು ಬ್ಯಾಳಿ ಒಯ್ಯಿರಿ. ಸಸ್ಕಟೂನ್ ಇರುವ ಸಸ್ಕಾಚೆವಾನ್ ಪ್ರಾಂತ್ಯ ಮಸೂರ್ ಬೆಳೆಯುವ ಸೀಮೆ, ಅಲ್ಲಿಂದ ಭಾರತಕ್ಕೆ ಹಡಗುಗಟ್ಟಲೆ ಬರುತ್ತದೆ. ತಮ್ಮ ಹೊಲದ ಕಾಳು ಬೆಳ್ಳುಳ್ಳಿ, ಜೀರಿಗೆ, ಕರಿಬೇವಿನ ಒಗ್ಗರಣೆಯಲ್ಲಿ ಹೇಗಾಗುತ್ತದೆ ಅಂತ ತಿಂದು ನೋಡುವ ರೈತನ ಮುಖ ನೋಡಬೇಕು. ಖಾರ ಅರ್ಧಕ್ಕರ್ಧ ಇಳಿಸಿ. ಅಗಸಿ ಚಟ್ನಿ ಪುಡಿಯೂ ಒಳ್ಳೆಯದು, ಪ್ರೇರಿಯಲ್ಲಿ ಅಗಸಿಯನ್ನು ಎಕರೆಗಟ್ಟಲೆ ಬೆಳೆಯುತ್ತಾರೆ, ಆದರೆ ಹುರಿದು ಬೆಳ್ಳುಳ್ಳಿ ಒಣಮೆಣಸಿನಕಾಯಿ ಹಾಕಿ ಕುಟ್ಟುವುದು ಅವರಿಗೆ ಹೊಸದು. ಊರಿಂದ ಸಿಹಿ ಒಯ್ಯುವುದಾದರೆ ಅಮೀನಗಡದ ಅಥವಾ ಗೋಕಾಕದ ಕರದಂಟು ಇರಲಿ. ಕುಂದಾ ಹಾಲಿನದ್ದು, ದಾರಿಯಲ್ಲೇ ಕೆಡಬಹುದು, ಬೇಡ. ಯಾವ ತಿಂಡಿ ಒಯ್ದರೂ ಕೆನಡಾದಲ್ಲಿ ಇಳಿದಾಗ ಕಸ್ಟಮ್ಸ್‌ನವರಿಗೆ ಹೇಳಲೇಬೇಕು, ಮುಚ್ಚಿಡಬೇಡಿ. ಶೇಂಗಾ, ಗೋಡಂಬಿ ಇದ್ದರೆ ಬಡಿಸುವ ಮೊದಲು ಯಾರಿಗಾದರೂ ಅಲರ್ಜಿ ಇದೆಯಾ ಅಂತ ಕೇಳಿ. ಅಲ್ಲಿ ಅದು ಜೀವದ ಮಾತು.

ಹೋಗುವ ಮೊದಲು ವೆರೆನಿಕಿ ಕಲಿತುಕೊಳ್ಳಿ

ಮೊಟ್ಟೆ ಇಲ್ಲದ ವೆರೆನಿಕಿ ಮಾಡಲು ಬಂದರೆ ಆ ಮನೆಯ ಅಡುಗೆಮನೆಗೆ ನೀವೇ ನುಗ್ಗಬಹುದು. ಇದಕ್ಕೆ ಬೇಕಾದ್ದೆಲ್ಲ ಬೆಳಗಾವಿಯ ಯಾವ ಗಲ್ಲಿಯ ಅಂಗಡಿಯಲ್ಲಾದರೂ ಸಿಗುತ್ತದೆ.

ಒಂದು ಲೀಟರ್ ಗಟ್ಟಿ ಹಾಲು ಕಾಯಿಸಿ, ಲಿಂಬೆ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಸೋಸಿ. ಪನ್ನೀರಿನ ಹಾಗೆ ಕಲ್ಲು ಹೇರಬೇಡಿ, ಮುಟ್ಟಿದರೆ ತೇವ ಇರಬೇಕು, ಹಿಂಡಿದರೆ ನೀರು ಬರಬಾರದು. ಉಪ್ಪು, ಕರಿಮೆಣಸಿನ ಪುಡಿ ಹಾಕಿ. ಅವರು ಇದಕ್ಕೆ ಮೊಟ್ಟೆಯ ಹಳದಿ ಹಾಕುತ್ತಾರೆ, ನಾವು ಒಂದು ಚಮಚ ಸಣ್ಣ ರವೆ ಹಾಕಿ ಹತ್ತು ನಿಮಿಷ ಬಿಟ್ಟರೆ ಅದೇ ಬಿಗಿಯುತ್ತದೆ. ಎರಡು ಬಟ್ಟಲು ಮೈದಾಕ್ಕೆ ಉಪ್ಪು, ಎರಡು ಚಮಚ ಮೊಸರು, ಬೇಕಾದಷ್ಟು ಹಾಲು ಹಾಕಿ ಮೆತ್ತಗೆ ನಾದಿ ಅರ್ಧ ಗಂಟೆ ಮುಚ್ಚಿಡಿ. ಲಟ್ಟಿಸಿ, ಲೋಟದ ಬಾಯಿಂದ ದುಂಡಗೆ ಕತ್ತರಿಸಿ, ಒಂದೊಂದು ಚಮಚ ಹೂರಣ ಇಟ್ಟು ಮಡಚಿ. ಕರ್ಚಿಕಾಯಿ ಅಚ್ಚು ಇದ್ದರೆ ಅದರಲ್ಲೇ ಒತ್ತಿ. ಅಂಚಿಗೆ ಹೂರಣದ ತೇವ ತಗುಲಿದರೆ ಅಂಟುವುದಿಲ್ಲ, ನೀರಿನಲ್ಲಿ ಬಾಯಿ ಬಿಡುತ್ತದೆ, ಅದೊಂದು ಕಡೆ ಗಮನ ಇರಲಿ. ಕುದಿಯುವ ಉಪ್ಪುನೀರಿಗೆ ಐದಾರು ಬಿಡಿ, ಮೇಲೆ ತೇಲಿದ ಮೇಲೆ ಎರಡು ಮೂರು ನಿಮಿಷ ಬಿಟ್ಟು ತೂತಿನ ಸೌಟಿನಿಂದ ತೆಗೆಯಿರಿ.

ಮೇಲೆ ಸುರಿಯುವ ಕೆನೆ ಗೊಜ್ಜಿಗೆ ಶ್ಮಾಂಟ್‌ಫಟ್ ಅನ್ನುತ್ತಾರೆ. ಅವರ ಮನೆಯಲ್ಲಿ ಸಾಸೇಜ್ ಹುರಿದ ಬಾಣಲೆಯಲ್ಲೇ ಅದನ್ನು ಮಾಡುವುದು ಹೆಚ್ಚು, ಆದ್ದರಿಂದ ಬೇರೆ ಬಾಣಲೆ ಕೇಳಿಕೊಳ್ಳಿ. ಬೆಣ್ಣೆಯಲ್ಲಿ ಉಳ್ಳಾಗಡ್ಡಿ ಕೆಂಪಗೆ ಹುರಿದು, ಒಂದು ಚಮಚ ಮೈದಾ ಉದುರಿಸಿ, ಒಂದು ಬಟ್ಟಲು ತಾಜಾ ಕೆನೆ ಹಾಕಿ ಸಣ್ಣ ಉರಿಯಲ್ಲಿ ತಿರುವಿ, ಉಪ್ಪು ಮೆಣಸು ಹಾಕಿ ಇಳಿಸಿ. ಬಿಸಿ ಇದ್ದಾಗಲೇ ಬಡಿಸಿ. ಉಳಿದ ವೆರೆನಿಕಿಯನ್ನು ಮರುದಿನ ಬೆಳಿಗ್ಗೆ ಬೆಣ್ಣೆಯಲ್ಲಿ ಎರಡೂ ಕಡೆ ಗರಿಗರಿ ಮಾಡಿ, ಶೇಂಗಾ ಚಟ್ನಿ ಪುಡಿ ಜೊತೆ ತಿನ್ನಿ.